ಹಳೆಯ ಮೋಟಾರು ಗಾಡಿಗಳಲ್ಲಿ ವಿದ್ಯುತ್ತಿನ ಹತೋಟಿ



ಹಳೆಯ ಮೋಟಾರು ಗಾಡಿಯನ್ನು ಮನೆಯಲ್ಲಿಟ್ಟುಕೊಂಡು ಅಕ್ಕರೆಯಿಂದ ಸಾಕುವವರು ನಮ್ಮ ನಗರಗಳಲ್ಲಿ ಈಗಲೂ ಅಲ್ಲಲ್ಲಿ ಇದ್ದಾರೆ. ಅಂಬಾಸಿಡರ್ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಆದರೂ ಆ ಗಾಡಿಗಳೂ, ಅವುಗಳಿಗಿಂತ ಹಿರಿಯವಾದ ಪರದೇಶದ ಗಾಡಿಗಳೂ ಭಾನುವಾರದ ಬೆಳಗಿನಲ್ಲಿ ಮಿಂದು ಮಡಿಯುಟ್ಟಂತೆ ಹೊಳೆಯುತ್ತ ಬೀದಿಗಿಳಿಯುವುದನ್ನು ನೀವು ನೋಡಿರಬಹುದು. ಇಂಥ ಗಾಡಿಯ ಯಜಮಾನರು ಅದರ ಬಣ್ಣ, ಆಸನ, ಚಕ್ರ ಇವುಗಳ ವಿಚಾರವಾಗಿ ಗಂಟೆಗಟ್ಟಲೆ ಮಾತನಾಡಬಲ್ಲರು. ಬಾನೆಟ್ಟಿನ ಕೆಳಗೆ ಬೆಲ್ಟಿನಿಂದ ತಿರುಗುತ್ತ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರು, ಅದನ್ನು ಅಂಕೆಯಲ್ಲಿಡುವ ರೆಗ್ಯುಲೇಟರು, ಇವೆರಡರ ಹೊಂದಾಣಿಕೆಯ ಮಾತು ಬಂದರೆ ಮಾತ್ರ, ‘ಅದು ಎಲೆಕ್ಟ್ರಿಷಿಯನ್ನನ ಪಾಡು’ ಎಂದು ಸುಮ್ಮನಾಗುತ್ತಾರೆ. ನಾವೂ ಹಾಗೆಯೇ ಇದ್ದೆವು. ಒಂದು ಸಂಜೆಯ ಪ್ರಯಾಣವು ನಮ್ಮನ್ನು ತಿದ್ದಿತು. ಆ ಕಥೆಯನ್ನು ಮೊದಲು ಹೇಳಿ, ಅದರೊಳಗಿನ ತತ್ತ್ವವನ್ನು ಅನಂತರ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಸೋದರಮಾವನವರ ಬಳಿ 1966ನೆಯ ಇಸವಿಯ ಡಾಡ್ಜ್ ಡಾರ್ಟ್ ಗಾಡಿಯೊಂದಿದೆ. ಅದರ ಹಳೆಯ ರೆಗ್ಯುಲೇಟರು ಕೆಟ್ಟುಹೋದುದರಿಂದ, ಅದೇ ಕ್ರೈಸ್ಲರ್ ಕಂಪನಿಯ ಗಾಡಿಗಳಿಗೆಂದು ಮಾರುತ್ತಿದ್ದ ಎಲೆಕ್ಟ್ರಾನಿಕ್ ರೆಗ್ಯುಲೇಟರೊಂದನ್ನು ತರಿಸಿ ಹಾಕಿಸಿದೆವು. ಹನ್ನೆರಡು ವೋಲ್ಟಿನ ಗಾಡಿ, ಹನ್ನೆರಡು ವೋಲ್ಟಿನ ರೆಗ್ಯುಲೇಟರು, ಒಂದೇ ಕಂಪನಿ. ಇನ್ನೇನು ಬೇಕು ಎಂದು ನಮ್ಮ ಎಣಿಕೆ. ಕೆಲಸಗಾರನು ಮೊದಲು ಒಂದು ತಂತಿಯನ್ನು ಜೋಡಿಸಿದಾಗ ಚಾರ್ಜು ಬರಲಿಲ್ಲ. ಅದನ್ನು ಬಿಚ್ಚಿ ಇನ್ನೊಂದನ್ನು ಜೋಡಿಸಿದನು. ಅಮ್ಮೀಟರಿನ ಮುಳ್ಳು ಟಕ್ಕನೆ ಎದ್ದು ನಿಂತಿತು. ‘ಚಾರ್ಜು ಬಂತು ಸ್ವಾಮಿ’ ಎಂದನು. ನಾವೂ ಸಂತೋಷಪಟ್ಟು ಹಣ ಕೊಟ್ಟು, ಮಾವನವರನ್ನು ಕೂರಿಸಿಕೊಂಡು, ಸಂಜೆಯ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೊರಟೆವು.

ಬಿಡದಿಯನ್ನು ದಾಟುವಾಗ ಕತ್ತಲಾಯಿತು. ದೀಪ ಹಾಕಿದೆವು. ಎಂದೂ ಮಂಕಾಗಿ ಹಳದಿಯಾಗಿರುತ್ತಿದ್ದ ದೀಪಗಳು ಆ ದಿನ ಬೆಳ್ಳಗೆ ಉರಿದು ರಸ್ತೆಯನ್ನೆಲ್ಲ ಬೆಳಗಿದುವು. ‘ಹೊಸ ರೆಗ್ಯುಲೇಟರಿನ ಮಹಿಮೆ ನೋಡಿದಿರಾ ಮಾವ?’ ಎಂದು ನಾವು ಹೆಮ್ಮೆಪಟ್ಟೆವು. ರಾಮನಗರದ ಆಚೆ ಎಡಗಡೆಯ ದೀಪವು ಫಕ್ಕನೆ ಆರಿಹೋಯಿತು. ಚನ್ನಪಟ್ಟಣದ ಹೊತ್ತಿಗೆ ಗಾಡಿಯೊಳಗೆ ಕೊಳೆತ ಮೊಟ್ಟೆಯ ವಾಸನೆ. ಹೊರಗಿನದಿರಬಹುದೆಂದುಕೊಂಡೆವು. ಮದ್ದೂರಿನಲ್ಲಿ ಕಾಫಿಗೆಂದು ನಿಲ್ಲಿಸಿ ಬಾನೆಟ್ಟನ್ನೆತ್ತಿದರೆ, ಬ್ಯಾಟರಿ ಕೈಯಿಡಲಾಗದಷ್ಟು ಕಾದಿದೆ. ಬಿರಡೆಗಳ ಸುತ್ತ ಆಮ್ಲ ಕುದಿದು ಚೆಲ್ಲಿ, ಕೆಳಗಿನ ತಗಡಿನ ಬಣ್ಣವನ್ನು ತಿಂದಿದೆ. ಇಂಜಿನ್ನನ್ನು ಸ್ವಲ್ಪ ವೇಗವಾಗಿ ಓಡಿಸಿ ಮೀಟರು ಹಿಡಿದು ನೋಡಿದೆವು: ಹದಿನಾರು ವೋಲ್ಟನ್ನು ದಾಟಿ ಇನ್ನೂ ಏರುತ್ತಿತ್ತು.

ಇಂಜಿನ್ನನ್ನು ಒಡನೆಯೇ ನಿಲ್ಲಿಸಿ, ಬ್ಯಾಟರಿ ತಣಿಯುವವರೆಗೆ ಕಾದು, ಆಲ್ಟರ್ನೇಟರಿಗೆ ಹೋಗುವ ಸಣ್ಣ ತಂತಿಯೊಂದನ್ನು ಕಿತ್ತಿಟ್ಟು, ಬ್ಯಾಟರಿಯಲ್ಲಿ ಉಳಿದಿದ್ದ ಶಕ್ತಿಯಿಂದಲೇ, ಒಂಟಿಕಣ್ಣಿನ ಗಾಡಿಯಲ್ಲಿ, ಮೆಲ್ಲಮೆಲ್ಲನೆ ಮೈಸೂರನ್ನು ಸೇರಿದೆವು. ಕುದಿಯುವ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ಸೋಕಿದ್ದರೆ ಬ್ಯಾಟರಿಯೇ ಸಿಡಿಯಬಹುದಾಗಿತ್ತೆಂಬುದನ್ನು ಮಾವನವರಿಗೆ ಆ ರಾತ್ರಿ ಹೇಳಲಿಲ್ಲ.

ಈಗ ತತ್ತ್ವದ ಮಾತು. ಮೊದಲು ಕಾಲದ ಡೈನಮೊವಿಗೂ ಆಲ್ಟರ್ನೇಟರಿಗೂ ಭೇದವೇನು? ಡೈನಮೊವಿನಲ್ಲಿ ವಿದ್ಯುತ್ತು ಹುಟ್ಟುವುದು ತಿರುಗುವ ಸುರುಳಿಯಲ್ಲಿ. ಹುಟ್ಟಿದ ವಿದ್ಯುತ್ತೆಲ್ಲವೂ ಕೆಲಸಗಾರರು ‘ಕಾರ್ಬನ್’ ಎನ್ನುವ ಬ್ರಷ್ಷುಗಳ ಮೂಲಕವೇ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ಇದು ತಲೆಕೆಳಗು. ವಿದ್ಯುತ್ತು ಹುಟ್ಟುವುದು ಸುತ್ತಲೂ ನಿಶ್ಚಲವಾಗಿರುವ ಸುರುಳಿಗಳಲ್ಲಿ. ನಡುವೆ ತಿರುಗುವುದು ಬರಿಯ ವಿದ್ಯುದಯಸ್ಕಾಂತ. ಆ ಅಯಸ್ಕಾಂತದ ಸುರುಳಿಯನ್ನು ಫೀಲ್ಡ್ ಎನ್ನುತ್ತಾರೆ. ಅದಕ್ಕೆ ಬೇಕಾದುದು ಕೆಲವೇ ಆಂಪೇರು. ಅದು ಎರಡು ತಾಮ್ರದ ಬಳೆಗಳ ಮೇಲೆ ಒರಸುವ ಎರಡು ಬ್ರಷ್ಷುಗಳಿಂದ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತದೆ. ಸುತ್ತಣ ಸುರುಳಿಗಳಲ್ಲಿ ಹುಟ್ಟುವುದು ಹಿಂದುಮುಂದಾಗಿ ಹರಿಯುವ ವಿದ್ಯುತ್ತಾದುದರಿಂದ, ಅದನ್ನು ಒಂದೇ ದಿಕ್ಕಿಗೆ ತಿರುಗಿಸಲು ಸಾಮಾನ್ಯವಾಗಿ ಆರು ಸಿಲಿಕಾನ್ ಡಯೋಡುಗಳಿರುತ್ತವೆ. ಇಂಥ ಡಯೋಡುಗಳು ಕೈಗೆಟಕುವ ಬೆಲೆಗೆ ಬಂದ ಮೇಲೆಯೇ ಆಲ್ಟರ್ನೇಟರು ಸಾಮಾನ್ಯ ಗಾಡಿಗಳಿಗೆ ಬಂದುದು. ಕ್ರೈಸ್ಲರ್ ಕಂಪನಿಯು 1960ರಲ್ಲಿ ವೇಲಿಯಂಟ್ ಗಾಡಿಗೂ, ಮರುವರ್ಷ ತನ್ನ ಉಳಿದ ಗಾಡಿಗಳಿಗೂ ಅದನ್ನು ಅಳವಡಿಸಿತು. ಇಂಗ್ಲೆಂಡಿನಲ್ಲಿ 1964ರ 4.2 ಲೀಟರಿನ ಜಾಗ್ವಾರ್ ಇ-ಟೈಪಿನಲ್ಲಿ ಲೂಕಾಸ್ ಕಂಪನಿಯ ಆಲ್ಟರ್ನೇಟರನ್ನು ಕಾಣುತ್ತೇವೆ.

ಡೈನಮೊವಿನ ಪೆಟ್ಟಿಗೆಯಲ್ಲಿ ಮೂರು ಬಗೆಯ ಕಾವಲಿರುವುದುಂಟು: ವೋಲ್ಟು ಮೀರದಂತೆ ಒಂದು, ಆಂಪೇರು ಮೀರದಂತೆ ಒಂದು, ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯುವ ಕಟೌಟು ಒಂದು. ಆಲ್ಟರ್ನೇಟರಿನಲ್ಲಿ ಹಿಂದಕ್ಕೆ ಹರಿಯುವುದನ್ನು ಡಯೋಡುಗಳೇ ತಡೆಯುತ್ತವೆ. ಆಂಪೇರುಗಳಿಗೆ ಸುರುಳಿಗಳ ಗುಣದಿಂದಲೇ ಒಂದು ಮಿತಿಯಿದೆ. ಉಳಿದುದು ವೋಲ್ಟಿನ ಕಾವಲು ಒಂದೇ. ಆದುದರಿಂದ ಡೈನಮೊವನ್ನು ತೆಗೆಸಿ ಆಲ್ಟರ್ನೇಟರನ್ನು ಹಾಕಿಸಿದವರು, ಹಳೆಯ ಪೆಟ್ಟಿಗೆಯೇ ಇದನ್ನೂ ಆಳಲೆಂದು ಬಿಡಬಾರದು. ನೋಟಕ್ಕಾಗಿ ಅದನ್ನು ಉಳಿಸಿಕೊಳ್ಳಬಹುದು, ಅಧಿಕಾರವನ್ನು ಕೊಡಕೂಡದು.

ವೋಲ್ಟಿನ ಕಾವಲು ನಡೆಯುವುದು ಹೇಗೆ? ಇಂಜಿನ್ನು ವೇಗವಾಗಿ ತಿರುಗಿದಷ್ಟೂ ವಿದ್ಯುತ್ತು ಹೆಚ್ಚು ಹುಟ್ಟುತ್ತದೆ. ನಾವು ವೇಗವನ್ನು ತಡೆಯಲಾರೆವು. ಆದರೆ ಫೀಲ್ಡಿಗೆ ಹರಿಯುವ ಸಣ್ಣ ಪ್ರವಾಹವನ್ನು ತಡೆದರೆ ಅಯಸ್ಕಾಂತವು ಬಲಗುಂದಿ, ಹುಟ್ಟುವ ವಿದ್ಯುತ್ತು ತಗ್ಗುತ್ತದೆ. ಈ ಸಣ್ಣ ಕಾಲುವೆಗೆ ಬಾಗಿಲು ಹಾಕುತ್ತ ತೆಗೆಯುತ್ತ ಇರುವವನೇ ರೆಗ್ಯುಲೇಟರು. ಹಳ್ಳಿಯ ಕೆರೆಯ ನೀರುಗಂಟಿಯನ್ನು ನೆನೆದುಕೊಳ್ಳಿ. ಗದ್ದೆಯಲ್ಲಿ ನೀರು ಹೆಚ್ಚಾದರೆ ಬಾಗಿಲು ಹಾಕುತ್ತಾನೆ, ಕಡಿಮೆಯಾದರೆ ತೆಗೆಯುತ್ತಾನೆ. ನಮ್ಮ ನೀರುಗಂಟಿ ಈ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಹಲವಾರು ಸಲ ಮಾಡುತ್ತಾನೆ.

ಆದರೆ ಈ ನೀರುಗಂಟಿ ನಿಂತಿರುವುದು ಎಲ್ಲಿ? ನಮ್ಮ ವಿಷಯದ ಕೀಲು ಇರುವುದೇ ಇಲ್ಲಿ. ಬ್ಯಾಟರಿಯಿಂದ ಹೊರಟ ಪ್ರವಾಹವು ಫೀಲ್ಡ್ ಸುರುಳಿಯನ್ನು ಹೊಕ್ಕು, ಹೊರಬಿದ್ದು, ಅರ್ತ್ ಎಂದು ಕರೆಯುವ ಗಾಡಿಯ ಲೋಹದ ಮೈಯನ್ನು ಸೇರಬೇಕು. ನೀರುಗಂಟಿಯು ಕಾಲುವೆಯ ತಲೆಯಲ್ಲಿ, ಎಂದರೆ ಬ್ಯಾಟರಿಗೂ ಸುರುಳಿಗೂ ನಡುವೆ ನಿಲ್ಲಬಹುದು. ಆಗ ಸುರುಳಿಯ ಇನ್ನೊಂದು ಕೊನೆ ಆಲ್ಟರ್ನೇಟರಿನ ಒಳಗೇ ಮೈಗೆ ಸೇರಿರುತ್ತದೆ. ಬಾಲದ ಬಾಗಿಲು ಸದಾ ತೆರೆದಿದೆಯೆಂದು ತಿಳಿಯಿರಿ. ಅಥವಾ ಅವನು ಕಾಲುವೆಯ ಬಾಲದಲ್ಲಿ, ಎಂದರೆ ಸುರುಳಿಗೂ ಅರ್ತಿಗೂ ನಡುವೆ ನಿಲ್ಲಬಹುದು. ಆಗ ತಲೆಯ ಬಾಗಿಲು ಇಗ್ನಿಷನ್ ಕೀಲಿಯನ್ನು ತಿರುಗಿಸಿದ ಒಡನೆಯೇ ತೆರೆದುಕೊಂಡು ಹಾಗೆಯೇ ಇರುತ್ತದೆ. ಮತ್ತು ಎರಡು ಬ್ರಷ್ಷುಗಳೂ ಮೈಗೆ ತಾಗದಂತೆ ಪ್ರತ್ಯೇಕವಾಗಿರಬೇಕಾಗುತ್ತದೆ. ಅಮೆರಿಕದ ಕೆಲಸಗಾರರು ಬಾಲದಲ್ಲಿ ಕಾವಲಿರುವುದನ್ನು ‘ಎ’ ಪದ್ಧತಿಯೆಂದೂ ತಲೆಯಲ್ಲಿ ಕಾವಲಿರುವುದನ್ನು ‘ಬಿ’ ಪದ್ಧತಿಯೆಂದೂ ಕರೆಯುತ್ತಾರೆ. ಎರಡೂ ಒಳ್ಳೆಯ ಪದ್ಧತಿಗಳೇ. ಒಂದರ ಆಲ್ಟರ್ನೇಟರಿಗೆ ಇನ್ನೊಂದರ ರೆಗ್ಯುಲೇಟರನ್ನು ಕಟ್ಟಿದಾಗ ಮಾತ್ರ ಅನರ್ಥ.

ಕ್ರೈಸ್ಲರ್ ಕಂಪನಿಯು 1969ರ ಮಾದರಿಗಳವರೆಗೆ ಒಂದು ಬ್ರಷ್ಷನ್ನು ಮೈಗೆ ಸೇರಿಸಿ, ಕಾವಲನ್ನು ತಲೆಯಲ್ಲಿ ಇಟ್ಟಿತ್ತು. 1970ರ ಮಾದರಿಗಳಿಂದ ಎರಡು ಬ್ರಷ್ಷುಗಳನ್ನೂ ಮೈಯಿಂದ ಬಿಡಿಸಿ, ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಬಾಲಕ್ಕೆ ತಂದಿತು. ಒಂದೇ ಕಂಪನಿ, ಒಂದೇ ವೋಲ್ಟು, ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂಥ ಯಂತ್ರಗಳು. ಒಳಗೆ ಮಾತ್ರ ಕ್ರಮವೇ ಬೇರೆ. ನಮ್ಮ ಡಾರ್ಟಿನ ಆಲ್ಟರ್ನೇಟರು 1966ರದು. ನಾವು ತರಿಸಿದ ರೆಗ್ಯುಲೇಟರು 1970ರ ಈಚಿನ ಪದ್ಧತಿಯದು. ಆ ಪದ್ಧತಿಯಲ್ಲಿ ನೀಲಿ ತಂತಿಯು ಕೀಲಿಯಿಂದ ಬಂದು ಒಂದು ಬ್ರಷ್ಷಿಗೆ ಪ್ರವಾಹವನ್ನು ಕೊಡುತ್ತದೆ. ಹಸಿರು ತಂತಿಯು ಇನ್ನೊಂದು ಬ್ರಷ್ಷಿನಿಂದ ರೆಗ್ಯುಲೇಟರಿಗೆ ಬರುತ್ತದೆ. ನಮ್ಮ ಆಲ್ಟರ್ನೇಟರಿನಲ್ಲಿದ್ದುದು ಒಂದೇ ಫೀಲ್ಡ್ ಮೊಳೆ. ಕೆಲಸಗಾರನು ಮೊದಲು ಹಸಿರು ತಂತಿಯನ್ನು ಅದಕ್ಕೆ ಸಿಕ್ಕಿಸಿದನು. ಆಗ ಸುರುಳಿಯ ಒಂದು ಕೊನೆ ಮೈಗೆ, ಇನ್ನೊಂದು ಕೊನೆಯೂ ರೆಗ್ಯುಲೇಟರಿನ ಮೂಲಕ ಮೈಗೇ; ಕೆರೆಯ ಸಂಬಂಧವೇ ಇಲ್ಲದ ಕಾಲುವೆಯಲ್ಲಿ ನೀರು ಬರುವುದೆಂತು? ಚಾರ್ಜು ಬರಲಿಲ್ಲ. ಅನಂತರ ನೀಲಿಯನ್ನು ಸಿಕ್ಕಿಸಿದನು. ಈಗ ತಲೆಯೂ ತೆರೆದಿದೆ, ಬಾಲವೂ ತೆರೆದಿದೆ. ನೀರುಗಂಟಿಯು ಯಾವ ಕಾಲುವೆಯೂ ಇಲ್ಲದ ಬಯಲಿನಲ್ಲಿ ಬಾಗಿಲು ಹಿಡಿದು ನಿಂತಿದ್ದಾನೆ. ಗದ್ದೆ ಒಡೆಯದೆ ಇನ್ನೇನಾದೀತು?

ಆ ಕೆಲಸಗಾರನನ್ನು ನಾವು ಹಳಿಯುವುದಿಲ್ಲ. ಅವನಿಗೆ ಅಮ್ಮೀಟರಿನ ಮುಳ್ಳು ಏಳುವುದೇ ಪರೀಕ್ಷೆ. ನಮಗೂ ಅದೇ ಪರೀಕ್ಷೆಯಾಗಿತ್ತು. ಆದರೆ ವಿದ್ಯುತ್ತು ಹುಟ್ಟಿತೆಂಬುದು ಆಲ್ಟರ್ನೇಟರಿನ ಯೋಗ್ಯತೆಗೆ ಸಾಕ್ಷಿ; ರೆಗ್ಯುಲೇಟರಿನ ಯೋಗ್ಯತೆಗೆ ಸಾಕ್ಷಿ ಅದು ತಕ್ಕ ಹೊತ್ತಿಗೆ ತಗ್ಗಿತೆಂಬುದು. ಈ ಎರಡನೆಯ ಸಾಕ್ಷಿಯನ್ನು ನಾವು ಕೇಳಿಯೇ ಇರಲಿಲ್ಲ.

ಹೀಗಾಗದಂತೆ ನೋಡಿಕೊಳ್ಳುವ ಬಗೆಯನ್ನು ಈಗ ಹೇಳುತ್ತೇವೆ. ರೆಗ್ಯುಲೇಟರನ್ನು ಕೊಳ್ಳುವುದಕ್ಕೆ ಮುನ್ನ ಆಲ್ಟರ್ನೇಟರಿನ ತಂತಿಗಳನ್ನೆಲ್ಲ ಬಿಚ್ಚಿಸಿ, ಓಮ್‌ಮೀಟರಿನ ಒಂದು ಕಡ್ಡಿಯನ್ನು ಫೀಲ್ಡ್ ಮೊಳೆಗೂ ಇನ್ನೊಂದನ್ನು ಯಂತ್ರದ ಮೈಗೂ ಹಿಡಿಯಬೇಕು. ಕೆಲವೇ ಓಮುಗಳನ್ನು ತೋರಿಸಿದರೆ ಒಂದು ಬ್ರಷ್ಷು ಮೈಗೆ ಸೇರಿದೆ; ತಲೆಯಲ್ಲಿ ಕಾವಲಿರುವ ರೆಗ್ಯುಲೇಟರು ಬೇಕು. ಎರಡು ಫೀಲ್ಡ್ ಮೊಳೆಗಳಿದ್ದು, ಅವುಗಳ ನಡುವೆ ಕೆಲವು ಓಮುಗಳಿದ್ದು, ಯಾವುದಕ್ಕೂ ಮೈಯೊಡನೆ ಸಂಬಂಧವಿಲ್ಲದಿದ್ದರೆ ಎರಡೂ ಪ್ರತ್ಯೇಕವಾಗಿವೆ. ಇಂಥ ಆಲ್ಟರ್ನೇಟರನ್ನು ಎರಡು ಪದ್ಧತಿಗಳಿಗೂ ಒಗ್ಗಿಸಬಹುದು. ಹೇಗೆಂದರೆ, ಬೇಕಾದಾಗ ಒಂದು ಮೊಳೆಯನ್ನು ನಾವೇ ಅರ್ತಿಗೆ ಸೇರಿಸಿದರಾಯಿತು. 1970ರ ಈಚಿನ ಆಲ್ಟರ್ನೇಟರನ್ನು ಅದಕ್ಕೂ ಹಿಂದಿನ ಕ್ರೈಸ್ಲರ್ ಗಾಡಿಗೆ ಹೊಂದಿಸುವವರು ಮಾಡುವುದು ಇದನ್ನೇ.

ಅಲ್ಲಿಗೂ ಒಂದು ಎಚ್ಚರಿಕೆಯಿದೆ. ಸುರುಳಿಯ ಓಮು ಕಡಿಮೆಯಾದಷ್ಟೂ ಅದು ಎಳೆಯುವ ಪ್ರವಾಹ ಹೆಚ್ಚು. ಹನ್ನೆರಡು ವೋಲ್ಟಿಗೆ 4 ಓಮಿನ ಸುರುಳಿಯು 3 ಆಂಪೇರನ್ನು ಎಳೆದರೆ, 2.4 ಓಮಿನದು 5 ಆಂಪೇರನ್ನು ಎಳೆಯುತ್ತದೆ. ಹಳೆಯ ಕಾಲದ, ಅದುರುವ ನಾಲಗೆಯ ರೆಗ್ಯುಲೇಟರಿನ ಸಂಪರ್ಕಬಿಂದುಗಳು ಸಣ್ಣ ಪ್ರವಾಹಕ್ಕಾಗಿ ಮಾಡಿದವು. ಈಚಿನ ದೊಡ್ಡ ಆಲ್ಟರ್ನೇಟರನ್ನು ಅವುಗಳಿಗೆ ಕಟ್ಟಿದರೆ ಬಿಂದುಗಳು ಸುಟ್ಟು ಅಂಟಿಕೊಳ್ಳಬಹುದು. ಅಂಟಿಕೊಂಡ ಬಾಗಿಲು ತೆರೆದ ಬಾಗಿಲಿಗೆ ಸಮಾನ.

ಇನ್ನು ಇಂಗ್ಲಿಷ್ ಗಾಡಿಗಳ ಮಾತು. ಲೂಕಾಸ್ ಕಂಪನಿಯ ಮೊದಲ ಆಲ್ಟರ್ನೇಟರುಗಳಿಗೆ ರೆಗ್ಯುಲೇಟರು ಹೊರಗೆ ಪ್ರತ್ಯೇಕವಾಗಿರುತ್ತಿತ್ತು; ಅದನ್ನು 4ಟಿಆರ್ ಎಂದು ಕರೆಯುತ್ತಿದ್ದರು. ಅನಂತರ ಬಂದ 16ಎಸಿಆರ್, 17ಎಸಿಆರ್ ಮೊದಲಾದವುಗಳಲ್ಲಿ ರೆಗ್ಯುಲೇಟರು ಬೆನ್ನಿನ ಮುಚ್ಚಳದೊಳಗೇ ಅಡಗಿದೆ. ಎಂಜಿಬಿ ಗಾಡಿಯೊಂದರಲ್ಲಿಯೇ ಈ ಮೂರು ಅವಸ್ಥೆಗಳನ್ನೂ ಕಾಣಬಹುದು: ಮೊದಲು ಡೈನಮೊ, ಎರಡನೆಯ ಅವತಾರದಲ್ಲಿ ಹೊರಗಿನ ರೆಗ್ಯುಲೇಟರಿನ ಆಲ್ಟರ್ನೇಟರು, ಸ್ವಲ್ಪದರಲ್ಲೇ ಒಳಗಿನ ರೆಗ್ಯುಲೇಟರಿನದು. ಡೈನಮೊವಿನ ಕಾಲದ ಎಂಜಿಬಿಯಲ್ಲಿ ಬ್ಯಾಟರಿಯ ಧನಾಗ್ರವು ಗಾಡಿಯ ಮೈಗೆ ಸೇರಿತ್ತು. ಆಲ್ಟರ್ನೇಟರು ಬಂದಾಗ ಋಣಾಗ್ರವು ಮೈಗೆ ಸೇರಿತು. ಡೈನಮೊವಾದರೆ ಹೊಸ ಕ್ರಮಕ್ಕೆ ಒಗ್ಗಿಸಬಹುದು. ಆಲ್ಟರ್ನೇಟರಿಗೆ ಬ್ಯಾಟರಿಯನ್ನು ತಿರುಗುಮುರುಗಾಗಿ ಕೊಟ್ಟರೆ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಆದುದರಿಂದ ಹಳೆಯ ಇಂಗ್ಲಿಷ್ ಗಾಡಿಗೆ ಕೈಹಾಕುವ ಮೊದಲು, ಯಾವ ಅಗ್ರವು ಮೈಗೆ ಸೇರಿದೆಯೆಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಒಳಗೇ ರೆಗ್ಯುಲೇಟರುಳ್ಳ ಇಂಥ ಲೂಕಾಸ್ ಯಂತ್ರಗಳಲ್ಲಿ ಮುಂಭಾಗದ ಕೆಂಪು ದೀಪವು ಬರಿಯ ಸೂಚಕವಲ್ಲ. ಆಲ್ಟರ್ನೇಟರು ಎಚ್ಚೆತ್ತುಕೊಳ್ಳಲು ಬೇಕಾದ ಮೊದಲ ಪ್ರವಾಹವು ಆ ಪುಟ್ಟ ಬಲ್ಬಿನ ಮೂಲಕವೇ ಬರುತ್ತದೆ. ಬಲ್ಬು ಸುಟ್ಟಿದ್ದರೆ, ಇಲ್ಲವೆ ಅದರ ಬದಲಿಗೆ ಈಗಿನ ಎಲ್‌ಇಡಿಯನ್ನು ಹಾಕಿದ್ದರೆ, ಚಾರ್ಜು ಸರಿಯಾಗಿ ಆರಂಭವಾಗದು. ಒಂದು ಪುಟ್ಟ ಬಲ್ಬಿನ ದೋಷಕ್ಕೆ ಆಲ್ಟರ್ನೇಟರನ್ನೇ ಬದಲಾಯಿಸಿದವರೂ ಉಂಟು.

ಜೋಡಿ ಸರಿಯಾಗಿದ್ದರೂ ಕಾವಲುಗಾರನ ಕಣ್ಣಿಗೆ ಮಬ್ಬು ಕವಿಯುವುದುಂಟು. ಹೊರಗಿನ ರೆಗ್ಯುಲೇಟರು ತನಗೆ ಬರುವ ತಂತಿಗೂ ತನ್ನ ಮೈಗೂ ನಡುವಣ ವೋಲ್ಟನ್ನು ಅಳೆದು ತೀರ್ಮಾನಿಸುತ್ತದೆ. ಗಾಡಿಗೆ ಹೊಸದಾಗಿ ಬಣ್ಣ ಹೊಡೆಸಿದಾಗ ರೆಗ್ಯುಲೇಟರು ಕೂರುವ ಜಾಗಕ್ಕೂ ಬಣ್ಣ ಬಿದ್ದು, ಅದರ ಮೈಗೂ ಗಾಡಿಗೂ ಸಂಪರ್ಕ ಸಡಿಲವಾದರೆ, ಅಥವಾ ಸವೆದ ಇಗ್ನಿಷನ್ ಕೀಲಿಯಲ್ಲಿ ಅರ್ಧ ವೋಲ್ಟಿನಷ್ಟು ನಷ್ಟವಾದರೆ, ಇದು ಕಡಿಮೆ ವೋಲ್ಟೆಂದು ಭ್ರಮಿಸಿ ಅಷ್ಟನ್ನು ಹೆಚ್ಚಿಗೆ ತರಿಸುತ್ತದೆ. 14.2 ವೋಲ್ಟಿನಲ್ಲಿ ನಿಲ್ಲಬೇಕಾದುದು 14.7ಕ್ಕೆ ಹೋಗುತ್ತದೆ. ಬಣ್ಣವನ್ನು ಕೆರೆದು, ರೆಗ್ಯುಲೇಟರಿನ ಮೈಯಿಂದ ಆಲ್ಟರ್ನೇಟರಿನ ಮೈಗೆ ಒಂದು ತಂತಿಯನ್ನೆಳೆದರೆ ಮೊದಲನೆಯ ದೋಷ ಪರಿಹಾರವಾಗುತ್ತದೆ.

ಆಂಪೇರಿನ ಆಸೆಯ ವಿಚಾರವಾಗಿಯೂ ಒಂದು ಮಾತು. ಲೂಕಾಸಿನ ಸಿ40 ಡೈನಮೊ ಕೊಡುತ್ತಿದ್ದುದು 22 ಆಂಪೇರು. 16ಎಸಿಆರ್ ಆಲ್ಟರ್ನೇಟರು ಕೊಡುವುದು 34. ಹಳೆಯ ಗಾಡಿಯ ಸಾಮಾನ್ಯ ಅಗತ್ಯಕ್ಕೆ ಅದು ಸಾಲುತ್ತದೆ. ನೂರು ಆಂಪೇರಿನ ಯಂತ್ರವನ್ನು ತಂದು, ಹಳೆಯ ತಂತಿಯನ್ನೂ ಹಳೆಯ ಅಮ್ಮೀಟರನ್ನೂ ಹಾಗೆಯೇ ಬಿಟ್ಟರೆ, ಬರಿದಾದ ಬ್ಯಾಟರಿ ತುಂಬುವ ಹೊತ್ತಿನಲ್ಲಿ ತಂತಿಯೇ ಕಾದು ಉರಿಯಬಹುದು.

ಕೊನೆಗೆ, ಕೆಲಸ ಮುಗಿದ ಮೇಲೆ ಮಾಡತಕ್ಕ ಪರೀಕ್ಷೆ. ಇಂಜಿನ್ನು ನಿಂತಿರುವಾಗ, ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸುತ್ತದೆ. ಇಂಜಿನ್ನನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ವೇಗಕ್ಕೆ ಏರಿಸಿ ನೋಡಿದರೆ ಅದು 13.8ಕ್ಕೂ 14.5ಕ್ಕೂ ನಡುವೆ ಬಂದು ನಿಲ್ಲಬೇಕು. ದೀಪಗಳನ್ನು ಹಾಕಿದರೂ ಹೆಚ್ಚು ಕುಸಿಯಬಾರದು. ಇಂಜಿನ್ನನ್ನು ಇನ್ನೂ ಏರಿಸಿದರೂ ಮೇಲೆ ಹೋಗಬಾರದು. ಹದಿನೈದನ್ನು ಮುಟ್ಟಿದರೆ ಗಾಡಿಯನ್ನು ಮನೆಗೆ ಒಯ್ಯಬೇಡಿ. ಡೈನಮೊವಿನ ಕಾಲದ ಕೆಲವರು ಇಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಳಚಿ, ‘ಇಂಜಿನ್ನು ನಿಲ್ಲಲಿಲ್ಲ, ಆದುದರಿಂದ ಚಾರ್ಜಿದೆ’ ಎನ್ನುವುದುಂಟು. ಆಲ್ಟರ್ನೇಟರಿನ ಗಾಡಿಯಲ್ಲಿ ಇದನ್ನು ಖಂಡಿತ ಮಾಡಗೊಡಬಾರದು. ಬ್ಯಾಟರಿಯ ಆಧಾರ ತಪ್ಪಿದ ಒಡನೆ ವೋಲ್ಟು ಚಿಮ್ಮಿ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಕೊಲ್ಲಬಹುದು.

ನಮ್ಮ ಡಾರ್ಟಿಗೆ ಮುಂದೆ ತಲೆಯಲ್ಲಿ ಕಾವಲಿರುವ ಪದ್ಧತಿಯ ರೆಗ್ಯುಲೇಟರನ್ನೇ ಹುಡುಕಿ ಹಾಕಿಸಿದೆವು. ಅದರ ಒಳಗಿನ ಕೆಲಸ ಎಲೆಕ್ಟ್ರಾನಿಕ್ ಆದರೂ ನಿಲ್ಲುವ ಸ್ಥಾನ ಮಾತ್ರ ಹಳೆಯದು. ಅದೇ ಕೆಲಸಗಾರನ ಬಳಿಗೇ ಹೋಗಿ, ಮೀಟರನ್ನು ಅವನ ಕೈಗೇ ಕೊಟ್ಟೆವು. 14.1ಕ್ಕೆ ಬಂದು ನಿಂತ ಅಂಕೆಯನ್ನು ಅವನೇ ಓದಿ ಹೇಳಿದನು. ಬ್ಯಾಟರಿ ಮಾತ್ರ ಹೊಸದು ಬೇಕಾಯಿತು. ಆ ರಾತ್ರಿ ದೀಪ ಹಾಕಿದಾಗ ಬೆಳಕು ಮೊದಲಿನಂತೆಯೇ ಸ್ವಲ್ಪ ಹಳದಿಯಾಗಿತ್ತು. ಮಾವನವರು ಅದನ್ನು ಕೆಲಹೊತ್ತು ನೋಡಿ, ‘ಅಂದು ಬೆಳಕು ಹೆಚ್ಚಾದಾಗಲೇ ನಾವು ಗಾಡಿ ನಿಲ್ಲಿಸಬೇಕಾಗಿತ್ತಪ್ಪ’ ಎಂದರು. ನಿಮ್ಮ ಗಾಡಿಯ ದೀಪವೂ ಕಾರಣವಿಲ್ಲದೆ ಒಂದು ಸಂಜೆ ಎಂದಿಗಿಂತ ಬೆಳ್ಳಗೆ ಉರಿದರೆ, ಸಂತೋಷಪಡುವುದಕ್ಕೆ ಮುನ್ನ ಅವರ ಈ ಮಾತನ್ನು ನೆನೆಯಬೇಕೆಂದು ಬಿನ್ನವಿಸಿ, ಇಲ್ಲಿಗೆ ಮುಗಿಸುತ್ತೇವೆ.